ಕಿತ್ತೂರಿನ ಬೊಕ್ಕಸವೂ ಕಂಪನಿಯ ಲೆಕ್ಕವೂ

ಪರರ ಬೊಕ್ಕಸಕ್ಕೆ ಮುದ್ರೆಯೊತ್ತುವವನು ಮೊದಲು ತನ್ನ ಲೆಕ್ಕವನ್ನು ಒಪ್ಪಿಸತಕ್ಕದ್ದು. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜನು ತೀರಿಕೊಳ್ಳಲು, ಧಾರವಾಡದ ಕಲೆಕ್ಟರ ಥ್ಯಾಕರೆಯು ದತ್ತಕವನ್ನು ಮನ್ನಿಸದೆ ಸಂಸ್ಥಾನದ ಬೊಕ್ಕಸಕ್ಕೆ ಮುದ್ರೆಯೊತ್ತಿಸಿದನು. ಅವನ ಒಡೆಯರಾದ ಈಸ್ಟ್ ಇಂಡಿಯಾ ಕಂಪನಿಯ ಲೆಕ್ಕವಾದರೋ ಎಂತಹದು? ಸಮುದ್ರದ ಎರಡು ದಡಗಳಲ್ಲಿಯೂ ವ್ಯಾಪಿಸಿದ್ದ ಆ ಸಂಸ್ಥೆಯ ಅಧಿಕಾರಿಗಳ ಗಳಿಕೆಯನ್ನು 1772ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟೇ ವಿಚಾರಿಸಬೇಕಾಯಿತು. ಕ್ಲೈವನು 2,34,000 ಪೌಂಡು ಪಡೆದನೆಂದು 1773ರಲ್ಲಿ ನಿರ್ಣಯಿಸಿದ ಸಭೆಯೇ ಅವನ ಸೇವೆಯನ್ನು ಶ್ಲಾಘಿಸಿತು. ಹೇಸ್ಟಿಂಗ್ಸನ ವಿಚಾರಣೆಯು 1788ರಿಂದ 1795ರ ವರೆಗೆ ನಡೆದು, ಅವನು ನಿರ್ದೋಷಿಯೆನಿಸಿದನು. ಅವನಿಗೆ ಏಳು ವರ್ಷಗಳ ವಾದಪ್ರತಿವಾದ ದೊರೆಯಿತು. ರಾಣಿ ಚೆನ್ನಮ್ಮನ ಮನವಿಗೆ ಮಾತ್ರ ಪುರಸ್ಕಾರವಿಲ್ಲದೆ ಹೋಯಿತು. ಅಕ್ಟೋಬರ 23ರ ಕಾಳಗದಲ್ಲಿ ಥ್ಯಾಕರೆ ಮಡಿದನು. ಡಿಸೆಂಬರದಲ್ಲಿ ಕೋಟೆ ಬಿದ್ದಿತು. 1829ರಲ್ಲಿ ರಾಣಿಯು ಬೈಲಹೊಂಗಲದ ಸೆರೆಯಲ್ಲಿ ಕಾಲವಾದಳು. ಕಳ್ಳನ ಲೆಕ್ಕವನ್ನು ಕಳ್ಳನ ಮನೆಯವರೇ ನೋಡಿದರೆ ತಪ್ಪು ತಿಳಿದೀತು, ನ್ಯಾಯ ದೊರೆಯದು.