ಬಡಾಯಿ ಚಹಾ

ಹಾಲು, ಶುಂಠಿ ಇಲ್ಲದ್ದೂ ಒಂದು ಚಹಾವೇ? ತಂಗಿಯ ಮಗ ತಂದುಕೊಟ್ಟ ತೈವಾನಿನ ಊಲಾಂಗನ್ನು ಮೊದಲ ಸಲ ಕುಡಿದು 'ಬರೀ ಬಿಸಿನೀರು' ಎಂದುಬಿಟ್ಟೆ. ಅದೇ ಎಲೆಗೆ ಮತ್ತೊಮ್ಮೆ ಬಿಸಿನೀರು ಹಾಕಿ, ನಿಧಾನವಾಗಿ ಗುಟುಕರಿಸಿದಾಗ ಜೇನಿನ ಕಂಪು ಬಂತು. ಆತುರದ ತೀರ್ಪಿಗೆ ನಾಚಿಕೆಯಾಯಿತು.

1869ರಲ್ಲಿ ಜಾನ್ ಡಾಡ್ ಎಂಬ ಬ್ರಿಟಿಷ್ ವರ್ತಕ ತೈವಾನಿನ ಊಲಾಂಗನ್ನು ಎರಡು ಹಡಗುಗಳಲ್ಲಿ ನ್ಯೂಯಾರ್ಕಿಗೆ ಕಳಿಸಿದ. 'ಫಾರ್ಮೋಸಾ ಊಲಾಂಗ್' ಹೆಸರುವಾಸಿಯಾಯಿತು. ಆದರೆ ನನ್ನ ಬಟ್ಟಲಿನ ಕಂಪಿನ ಕತೆಯೇ ಬೇರೆ. ಬೇಸಿಗೆಯಲ್ಲಿ ಜಿಗಿಹುಳು ಚಿಗುರಿನ ರಸ ಹೀರುತ್ತದೆ. ಆ ಗಾಯದಿಂದಲೇ ಈ ಜೇನುಗಂಪು. ಬೇಯ್ಪು ಎಂಬ ಊರಿನ ರೈತನೊಬ್ಬ ಹುಳು ಕಚ್ಚಿದ ಎಲೆಯನ್ನು ಬಿಸಾಡದೆ ಚಹಾ ಮಾಡಿ ಮಾರಿದನಂತೆ. ಒಳ್ಳೆಯ ಬೆಲೆ ಬಂತೆಂದರೆ ಊರವರು ನಂಬಲಿಲ್ಲವಂತೆ. ಅದಕ್ಕೇ 'ಬಡಾಯಿ ಚಹಾ' ಎಂಬ ಹೆಸರು. ಹೆಸರು ಇಂದಿಗೂ ಹಾಗೇ ಉಳಿದಿದೆ. ತೋಟಕ್ಕೆ ಕೀಟನಾಶಕ ಹೊಡೆದರೆ ಮಾತ್ರ ಹುಳುವೂ ಇಲ್ಲ, ಕಂಪೂ ಇಲ್ಲ.