ಗೊಂಬೆಗೆ ಚಪ್ಪಾಳೆ, ಕೈಗೆ ಬೈಪಾಸ್

ಬೆಂಗಳೂರಿಂದ ಮೈಸೂರಿಗೆ ಹೊರಟವರು ಚನ್ನಪಟ್ಟಣದಲ್ಲಿ ಗಾಡಿ ನಿಲ್ಲಿಸಿ ಮಕ್ಕಳಿಗೊಂದು ಗೊಂಬೆ ಕೊಡಿಸೋದು ಒಂದು ಕಾಲದ ರೂಢಿ. ಕೆಂಪು-ಹಳದಿ ಬುಗುರಿ, ಗಿಲಕಿ, ದಾರ ಕಟ್ಟಿ ಎಳೆಯೋ ರೈಲು, ತಲೆಯಾಡಿಸೋ ಗೊಂಬೆ. ನಿಮ್ಮ ಮನೆ ಶೋಕೇಸ್‌ನಲ್ಲೂ ಒಂದಿರಬಹುದು, ನೋಡಿ. ಸರಿ, ಕೊನೆಯ ಸಲ ನೀವು ಆ ಊರಲ್ಲಿ ಗಾಡಿ ನಿಲ್ಲಿಸಿದ್ದು ಯಾವಾಗ?

ಈ ಪ್ರಶ್ನೆಗೆ ಉತ್ತರ ಬೇಕಂದ್ರೆ ಸ್ವಲ್ಪ ಇತಿಹಾಸಕ್ಕೆ ಹೋಗಬೇಕು.

ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿನವರಿಗೆ ಈ ವಿದ್ಯೆ ಕಲಿಸಿದ ಅನ್ನೋದು ಊರಿನವರು ತಲೆಮಾರುಗಳಿಂದ ಹೇಳಿಕೊಂಡು ಬಂದ ಮಾತು. ಆಮೇಲೆ ಕೇಳಿಬರುವ ಹೆಸರು ಬಾವಾಸ್ ಮಿಯಾ ಅವರದು. ಜಪಾನಿನ ಅರಗಿನ ಕೆಲಸದ ವಿಧಾನವನ್ನು ಇಲ್ಲಿಗೆ ಹೊಂದಿಸಿದವರು ಎಂದು ಊರು ಅವರನ್ನು ಇವತ್ತಿಗೂ ನೆನೆಯುತ್ತದೆ. ಅರಸರು ಹೋದರು, ಬ್ರಿಟಿಷರು ಹೋದರು, ಲೇತ್ ಮಾತ್ರ ತಿರುಗುತ್ತಲೇ ಇತ್ತು.

ಕೆಲಸ ನೋಡಿದವರಿಗೇ ಅದರ ಬೆಲೆ ಗೊತ್ತು. ಆಲೆ ಮರದ ಬಿಳಿ, ಮೃದು ಕಟ್ಟಿಗೆಯನ್ನು ಚೆನ್ನಾಗಿ ಒಣಗಿಸಬೇಕು. ತುಂಡು ಮಾಡಿ ಲೇತ್‌ಗೆ ಹಾಕಿ, ಉಳಿ ಹಿಡಿದು ಕಡೆಯಬೇಕು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತದೆ. ಆಮೇಲೆ ಗರಿಯಿಂದ ತಿಕ್ಕಿದರೆ ಹೊಳಪು. ಬ್ರಷ್ ಇಲ್ಲ, ಅಚ್ಚು ಇಲ್ಲ. ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಅನ್ನೋದು ಬೆರಳಿಗೆ ಗೊತ್ತು, ಅಷ್ಟೇ. ಬಹುಪಾಲು ಕಾರ್ಖಾನೆ ಅಂದ್ರೆ ಮನೆಯ ಮುಂದಿನ ಒಂದು ಕೋಣೆ. ಮಾಲೀಕನೂ ಅವರೇ, ಕಾರ್ಮಿಕನೂ ಅವರೇ.

ಸರ್ಕಾರಗಳು ಇವರನ್ನು ಹೊಗಳಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. 2005-06ರಲ್ಲಿ ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. 2020ರ ಆಗಸ್ಟ್ 30ರಂದು ಪ್ರಧಾನಿಯವರು 'ಮನ್ ಕಿ ಬಾತ್'ನಲ್ಲಿ ಈ ಊರಿನ ಹೆಸರು ಹೇಳಿದರು. 2022ರ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಕರಕುಶಲ ಕಲೆಗಳ ಸ್ತಬ್ಧಚಿತ್ರ ದೆಹಲಿಯ ರಾಜಪಥದಲ್ಲಿ ಸಾಗಿತು. ಚಪ್ಪಾಳೆಗೆ ಬರ ಇರಲಿಲ್ಲ.

ಆದರೆ ಅದೇ 2020ರ ಫೆಬ್ರವರಿಯಲ್ಲಿ ಇನ್ನೊಂದು ಆದೇಶ ಬಂದಿತ್ತು. ಆಟಿಕೆಗೆಲ್ಲ ಐಎಸ್ಐ ಮುದ್ರೆ ಕಡ್ಡಾಯ. ಉದ್ದೇಶ ತಪ್ಪಲ್ಲ. ವಿದೇಶದಿಂದ ಬರುವ ಕಳಪೆ ಪ್ಲಾಸ್ಟಿಕ್ ನಮ್ಮ ಮಕ್ಕಳ ಬಾಯಿಗೆ ಹೋಗಬಾರದು, ಒಪ್ಪೋಣ. ಆದರೆ ಮುದ್ರೆ ಬೇಕಂದ್ರೆ ಪರೀಕ್ಷೆ, ಶುಲ್ಕ, ಕಾಗದಪತ್ರ. ಒಂದೇ ಲೇತ್ ಇಟ್ಟುಕೊಂಡು ಬದುಕುವವರು ಅದನ್ನೆಲ್ಲ ಎಲ್ಲಿಂದ ತರಬೇಕು ಸ್ವಾಮಿ? ನಿಯಮ 2021ರ ಜನವರಿ 1ರಿಂದ ಜಾರಿ. ಅದಕ್ಕೆ ಕೆಲವೇ ವಾರ ಇರುವಾಗ, ಡಿಸೆಂಬರ್‌ನಲ್ಲಿ, ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕ ಇರುವ ಗೊಂಬೆಗಳಿಗೂ ವಿನಾಯಿತಿ ಕೊಟ್ಟರು. ಒಳ್ಳೆಯದಾಯಿತು. ಆದರೆ ಕೈಯಲ್ಲಿ ಗೊಂಬೆ ಮಾಡುವವರೂ ಈ ದೇಶದಲ್ಲಿದ್ದಾರೆ ಅನ್ನೋದು ಆದೇಶ ಬರೆಯುವಾಗಲೇ ನೆನಪಾಗಬೇಕಿತ್ತು, ಅಲ್ವಾ?

ಇನ್ನು ರಸ್ತೆ ಕಥೆ. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು. ಮೂರು ಗಂಟೆ ದಾರಿ 75 ನಿಮಿಷಕ್ಕೆ ಇಳಿಯುತ್ತೆ ಅಂದರು. ನಾವೂ ಟಿವಿಯಲ್ಲಿ ಅದನ್ನೇ ಸಂಭ್ರಮದಿಂದ ತೋರಿಸಿದೆವು, ತಪ್ಪು ಒಪ್ಪಿಕೊಳ್ಳಬೇಕು. ಉಳಿದ ಆ ನಿಮಿಷಗಳು ಎಲ್ಲಿಂದ ಬಂದವು ಅಂತ ಆವತ್ತು ಕೇಳಲಿಲ್ಲ. ಅದರಲ್ಲೊಂದು ಪಾಲು ಚನ್ನಪಟ್ಟಣದ ಅಂಗಡಿ ಮುಂದೆ ಗಾಡಿ ನಿಲ್ಲುತ್ತಿದ್ದ ಹತ್ತು ನಿಮಿಷ. ಬೈಪಾಸ್ ಬಂತು, ಗಾಡಿಗಳು ಊರ ಹೊರಗೇ ಹೋದವು. ಹಳೇ ರಸ್ತೆಯ ಗೊಂಬೆ ಅಂಗಡಿಯವರ ವ್ಯಾಪಾರ ಬಿತ್ತು.

ರಸ್ತೆ ಬೇಡ ಅಂತ ನಾನು ಹೇಳ್ತಿಲ್ಲ. ಆಂಬುಲೆನ್ಸಿಗೂ ಆ ರಸ್ತೆ ಬೇಕು, ರೈತನ ತರಕಾರಿಗೂ ಬೇಕು. ನನ್ನ ತಕರಾರು ಇಷ್ಟೇ: ಕಾನೂನು ಬರೆಯುವ ಮೇಜಿನ ಮೇಲೆ ಕಾರ್ಖಾನೆಯ ಲೆಕ್ಕ ಇರುತ್ತದೆ, ರಸ್ತೆಯ ನಕ್ಷೆಯಲ್ಲಿ ವೇಗದ ಲೆಕ್ಕ ಇರುತ್ತದೆ. ಕೈಕೆಲಸದವನ ಲೆಕ್ಕ ಬರೋದು ಕೊನೆಗೆ, ಅದೂ ವಿನಾಯಿತಿಯ ಹೆಸರಲ್ಲಿ. ಸ್ತಬ್ಧಚಿತ್ರದಲ್ಲಿ ಮೊದಲ ಸಾಲು, ಯೋಜನೆಯಲ್ಲಿ ಅಡಿಟಿಪ್ಪಣಿ.

ಇವರು ಭಿಕ್ಷೆ ಕೇಳುತ್ತಿಲ್ಲ. ಮಾಡಿದ ಮಾಲಿಗೆ ಗಿರಾಕಿ ಕೇಳುತ್ತಿದ್ದಾರೆ. ಎಕ್ಸ್‌ಪ್ರೆಸ್‌ವೇ ಪಕ್ಕದಲ್ಲಿ ಅವರಿಗೇ ನಾಲ್ಕು ಮಳಿಗೆ ಕಟ್ಟಿಕೊಡೋದು, ಸರ್ಕಾರಿ ಅಂಗನವಾಡಿಗಳಿಗೆ ಅವರ ಗೊಂಬೆ ಕೊಳ್ಳೋದು ಆಕಾಶಕ್ಕೆ ಏಣಿ ಹಾಕುವ ಕೆಲಸವೇನಲ್ಲ. ಇನ್ನು ನಮ್ಮ-ನಿಮ್ಮ ಪಾಲಿನದು: ಮುಂದಿನ ಸಲ ಮೈಸೂರಿಗೆ ಹೊರಟಾಗ ಹಳೇ ರಸ್ತೆಗೆ ಇಳಿಯಿರಿ. ಹತ್ತು ನಿಮಿಷ ತಡ ಆಗುತ್ತೆ, ಆಗಲಿ. ಮತ್ತೆ ಒಂದು ಮಾತು, ಅಲ್ಲಿ ಚೌಕಾಸಿ ಮಾಡಬೇಡಿ.