ಹೈವೇಯಲ್ಲಿ ಬೈಕ್ ಎಳೆಯದಿದ್ದರೆ 'ಬೋರ್ ಹೋಗಿದೆ' ಎಂದೇ ಅರ್ಥವೇ?

ಹದಿನೈದು ವರ್ಷ ಹಳೆಯ ಬೈಕು. ಊರೊಳಗೆ ಸಂತೆಗೆ, ಹೊಲಕ್ಕೆ, ಆಫೀಸಿಗೆ ಯಾವ ತಕರಾರೂ ಇಲ್ಲದೆ ಓಡುತ್ತದೆ. ಹೈವೇಗೆ ಹೋದರೆ ಮಾತ್ರ 60 ಕಿ.ಮೀ. ವೇಗ ದಾಟುವುದೇ ಕಷ್ಟ. ಗ್ಯಾರೇಜಿಗೆ ಒಯ್ದರೆ ಆಕ್ಸಿಲರೇಟರ್ ಎರಡು ಸಲ ತಿರುವಿ, "ಬೋರ್ ಹೋಗಿದೆ, ಎಂಜಿನ್ ಬಿಚ್ಚಬೇಕು" ಎಂಬ ತೀರ್ಪು ಬರುತ್ತದೆ. ಕೆಲವೊಮ್ಮೆ ಅದು ನಿಜವೇ ಆಗಿರುತ್ತದೆ. ಆದರೆ ಬರೀ ಸದ್ದು ಕೇಳಿ ಅದನ್ನು ಖಚಿತವಾಗಿ ಹೇಳಲು ಆಗುವುದಿಲ್ಲ. ಸಾವಿರಾರು ರೂಪಾಯಿ ಖರ್ಚು ಮಾಡುವ ಮುನ್ನ ಮಾಡಬಹುದಾದ ಸರಳ ಪರೀಕ್ಷೆಗಳಿವೆ.

ಬೋರ್ ಹೋಗುವುದು ಎಂದರೇನು?

ಎಂಜಿನ್ನಿನ ಸಿಲಿಂಡರಿನ ಒಳಕೊಳವೆಗೆ ಬೋರ್ ಎಂದು ಹೆಸರು. ಅದರೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಪಿಸ್ಟನ್ನಿನ ಸುತ್ತ ಇರುವ ರಿಂಗ್‌ಗಳಿಗೆ ಎರಡು ಮುಖ್ಯ ಕೆಲಸ: ಮೇಲಿನ ಅನಿಲ ಕೆಳಗೆ ಸೋರದಂತೆ ತಡೆಯುವುದು, ಕೆಳಗಿನ ಆಯಿಲ್ ಮೇಲೆ ಹೋಗದಂತೆ ಕೆರೆದು ಇಳಿಸುವುದು. ರಿಂಗ್ ಮತ್ತು ಬೋರ್ ಸವೆದಾಗ ಎರಡೂ ಕೆಲಸ ಕೆಡುತ್ತವೆ. ಹಾಗಾಗಿ ಸವೆದ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಕಂಪ್ರೆಷನ್ ಕುಸಿದಿರುತ್ತದೆ, ಆಯಿಲ್ ಕಡಿಮೆಯಾಗುತ್ತಾ ಹೋಗುತ್ತದೆ. ಇವೆರಡೂ ಇಲ್ಲದಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು.

ಊರಲ್ಲಿ ಸರಿ, ಹೈವೇಯಲ್ಲಿ ಏಕೆ ಸುಸ್ತು?

ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಅದನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಅಂದರೆ 60ರಿಂದ 80 ಕಿ.ಮೀ.ಗೆ ಹೋಗಲು ವೇಗ ಮೂರನೇ ಒಂದು ಭಾಗದಷ್ಟು ಹೆಚ್ಚಿದರೂ, ಗಾಳಿಯನ್ನು ಸೀಳಲು ಸುಮಾರು 2.4 ಪಟ್ಟು ಶಕ್ತಿ ಬೇಕು. 1994ರಲ್ಲಿ ಬಂದ ಸ್ಪ್ಲೆಂಡರ್‌ನಂಥ 97.2 ಸಿಸಿ ಬೈಕಿನಲ್ಲಿ ಹೊಸದಿದ್ದಾಗಲೂ ಇರುವುದು ಏಳೆಂಟು ಅಶ್ವಶಕ್ತಿ ಮಾತ್ರ. ಚಿತ್ರದುರ್ಗದ ಗಾಳಿಯಂತ್ರಗಳ ಗುಡ್ಡಗಳ ಬಳಿ ಎದುರುಗಾಳಿಗೆ ಸಿಕ್ಕರೆ ಆರೋಗ್ಯವಂತ ಎಂಜಿನ್ ಕೂಡ ಏದುಸಿರು ಬಿಡುತ್ತದೆ. ಊರೊಳಗೆ ಗೊತ್ತೇ ಆಗದ ಸಣ್ಣ ನಷ್ಟವೂ ಹೈವೇಯಲ್ಲಿ ಎದ್ದು ಕಾಣಲು ಇದೇ ಕಾರಣ.

ಮೊದಲು ಎಂಜಿನ್ನಿನ ಹೊರಗೆ ನೋಡಿ

• ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ಅದು ಬೇಗ ನಿಂತುಬಿಟ್ಟರೆ ಬ್ರೇಕ್ ಹಿಡಿಯುತ್ತಿರಬಹುದು, ಇಲ್ಲವೇ ಚೈನ್ ಅತಿ ಬಿಗಿಯಾಗಿರಬಹುದು ಅಥವಾ ಒಣಗಿರಬಹುದು.
• ಟೈರಿನ ಗಾಳಿ ಮತ್ತು ಏರ್ ಫಿಲ್ಟರ್ ನೋಡಿ. ಧೂಳು ಕಟ್ಟಿದ ಫಿಲ್ಟರ್ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗಲೇ ಹೆಚ್ಚು ಕಾಡುತ್ತದೆ.
• ಖಾಲಿ ರಸ್ತೆಯಲ್ಲಿ ಟಾಪ್ ಗೇರ್‌ನಲ್ಲಿ 40ರ ವೇಗದಿಂದ ಆಕ್ಸಿಲರೇಟರ್ ಪೂರ್ತಿ ಕೊಡಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ.
• ಕೆಲವು ಕಿ.ಮೀ. ಚೆನ್ನಾಗಿ ಓಡಿ ಆಮೇಲೆ ಮುಗ್ಗರಿಸುತ್ತದೆಯೇ? ಗಾಡಿ ನಿಲ್ಲಿಸಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆದು ಮುಚ್ಚಿದಾಗ ಸರಿಹೋದರೆ, ಮುಚ್ಚಳದ ಗಾಳಿ ರಂಧ್ರ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು.

ಹೊಗೆಯ ಬಣ್ಣ ನೋಡಿ

ಫೋರ್ ಸ್ಟ್ರೋಕ್ ಬೈಕಿನಲ್ಲಿ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಅದು ಯಾವಾಗ ಬರುತ್ತದೆ ಎನ್ನುವುದು ಮುಖ್ಯ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಬಂದು ನಿಂತರೆ, ಅಥವಾ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ಕೊಟ್ಟಾಗ ಬಂದರೆ ವಾಲ್ವ್ ಸೀಲ್‌ಗಳ ಮೇಲೆ ಅನುಮಾನ ಪಡಬೇಕು. ಅದಕ್ಕೆ ಬೋರ್ ಮಾಡಿಸುವ ಅಗತ್ಯವಿಲ್ಲ. ಎಳೆಯುವಾಗಲೆಲ್ಲ ಬಿಡದೆ ಬಂದರೆ ರಿಂಗ್, ಬೋರ್ ಸವೆದಿರಬಹುದು. ಕಪ್ಪು ಹೊಗೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿರುವುದರ ಗುರುತು. ಚಳಿಯಲ್ಲಿ ಕ್ಷಣಕಾಲ ಕಾಣುವ ಬಿಳಿ ಹೊಗೆ ಬರೀ ನೀರಾವಿ.

ಆರ್‌ಎಕ್ಸ್ 100, ಮೈಸೂರಿನಲ್ಲಿ ತಯಾರಾದ ಹಳೆಯ ಯೆಜ್ಡಿಯಂಥ ಟೂ ಸ್ಟ್ರೋಕ್ ಬೈಕುಗಳಿಗೆ ಈ ನಿಯಮ ಹೊಂದುವುದಿಲ್ಲ. ಅವುಗಳಲ್ಲಿ ಆಯಿಲ್ ಪೆಟ್ರೋಲಿನ ಜೊತೆಗೇ ಉರಿಯುವುದರಿಂದ ಸ್ವಲ್ಪ ಹೊಗೆ ಸಹಜ. ಅವು ಎಳೆಯದಿದ್ದರೆ ಸೈಲೆನ್ಸರ್‌ನಲ್ಲಿ ಕಾರ್ಬನ್ ಕಟ್ಟಿದೆಯೇ ಎಂದು ಮೊದಲು ನೋಡಬೇಕು.

ನಿರ್ಧಾರ ಹೇಳುವ ಪರೀಕ್ಷೆ

ಕಂಪ್ರೆಷನ್ ಗೇಜ್ ಇರುವ ಗ್ಯಾರೇಜಿನಲ್ಲಿ ಇದು ಅರ್ಧ ಗಂಟೆಯ ಕೆಲಸ. ಟ್ಯಾಪೆಟ್ ತೀರಾ ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ. ಹಾಗಾಗಿ ಎಂಜಿನ್ ತಣ್ಣಗಿರುವಾಗಲೇ ಟ್ಯಾಪೆಟ್ ಸರಿಮಾಡಿಸಿ. ಆಮೇಲೆ ಎಂಜಿನ್ ಬಿಸಿ ಮಾಡಿ, ಇಗ್ನಿಷನ್ ಆಫ್ ಮಾಡಿ, ಪ್ಲಗ್ ಬಿಚ್ಚಿ ಗೇಜ್ ಹಾಕಿ. ಆಕ್ಸಿಲರೇಟರ್ ಪೂರ್ತಿ ತೆರೆದಿಟ್ಟು, ಮುಳ್ಳು ಏರುವುದು ನಿಲ್ಲುವವರೆಗೆ ಕಿಕ್ ಹೊಡೆಯಬೇಕು. ಸಿಕ್ಕ ಅಂಕಿಯನ್ನು ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ಜೊತೆ ಹೋಲಿಸಿ.

ಅಂಕಿ ಕಡಿಮೆ ಬಂದರೆ ಪ್ಲಗ್ ರಂಧ್ರದೊಳಗೆ ಒಂದು ಟೀ ಚಮಚ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಈಗ ಅಂಕಿ ಚೆನ್ನಾಗಿ ಏರಿದರೆ, ಆ ಆಯಿಲ್ ರಿಂಗಿನ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿದೆ. ಸವೆದಿರುವುದು ರಿಂಗ್ ಅಥವಾ ಬೋರ್. ಏರದಿದ್ದರೆ ಸೋರಿಕೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್‌ನಲ್ಲಿದೆ.

ದಪ್ಪ ಆಯಿಲ್ ಹಾಕಿದರೆ ಸಾಕೇ?

ದಪ್ಪ ಆಯಿಲ್ ಹೊಗೆಯನ್ನು, ಸದ್ದನ್ನು ಸ್ವಲ್ಪ ಅಡಗಿಸಬಹುದು. ಸವೆದ ಲೋಹ ಅದರಿಂದ ಮರಳಿ ಬರುವುದಿಲ್ಲ. ಕಾರಿನ ಆಯಿಲ್ ಹಾಕುವುದು ಇನ್ನೊಂದು ತಪ್ಪು. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಕೂಡ ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ಘರ್ಷಣೆ ಕಡಿಮೆ ಮಾಡುವ ರಾಸಾಯನಿಕ ಬೆರೆಸಿದ ಕಾರ್ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು. ಡಬ್ಬಿಯ ಮೇಲೆ ಜಾಸೋ ಎಂಎ ಎಂಬ ಗುರುತಿದೆಯೇ ನೋಡಿ ಕೊಳ್ಳಿ.

ಎಂಜಿನ್ ನಿಜವಾಗಿಯೂ ಸವೆದಿದ್ದರೆ?

ಆಗ ಉದಾಸೀನ ಮಾಡುವುದು ಅಪಾಯ. ಹೈವೇಯಲ್ಲಿ ಆಯಿಲ್ ಖಾಲಿಯಾದರೆ ಪಿಸ್ಟನ್ ಸೀಜ್ ಆಗಿ, ಓಡುತ್ತಿರುವಾಗಲೇ ಹಿಂದಿನ ಚಕ್ರ ಲಾಕ್ ಆಗಬಹುದು. ಅಂಥ ಹೊತ್ತಿನಲ್ಲಿ ತಕ್ಷಣ ಕ್ಲಚ್ ಒತ್ತಿ ಹಿಡಿಯಬೇಕು. ರಿಪೇರಿ ಆಗುವವರೆಗೆ ಪ್ರತಿ ದೂರ ಪ್ರಯಾಣದ ಮುನ್ನ ಆಯಿಲ್ ಮಟ್ಟ ನೋಡಿ, ಲಾರಿ ಬಸ್ಸುಗಳನ್ನು ಓವರ್‌ಟೇಕ್ ಮಾಡುವ ಸಾಹಸ ಬೇಡ.

ಎಂಜಿನ್ ಬಿಚ್ಚಿದಾಗ ಬೋರ್ ಅಳತೆಯನ್ನು ಎದುರಿಗೇ ತೆಗೆದು ತೋರಿಸಲು ಕೇಳಿ. ಸವೆತ ಮಿತಿಯೊಳಗಿದ್ದರೆ ರಿಂಗ್ ಬದಲಿಸಿದರೆ ಸಾಕಾಗಬಹುದು. ಮಿತಿ ಮೀರಿದ್ದರೆ ಹೊಸ ಬೋರ್ ಕಿಟ್ ಹಾಕಬೇಕು, ಇಲ್ಲವೇ ಬೋರ್ ಕೊರೆಸಿ 0.25 ಅಥವಾ 0.50 ಮಿ.ಮೀ. ದೊಡ್ಡ ಪಿಸ್ಟನ್ ಕೂರಿಸಬೇಕು. ಇವುಗಳಲ್ಲಿ ಯಾವುದು ಬೇಕೆಂದು ಹೇಳುವುದು ಆ ಅಳತೆ, ಬೈಕಿನ ವಯಸ್ಸಲ್ಲ.